ಡಿಗ್ರಿಗೆ ಯಾವ ವಿಷಯ? ಪಿಯುಸಿ ಮುಗಿಸಿದವರಿಗೆ ಮತ್ತು ಅವರ ಮನೆಯವರಿಗೆ

ಸೆಕೆಂಡ್ ಪಿಯುಸಿ ಫಲಿತಾಂಶ ಬಂದ ದಿನದಿಂದ ಬೆಂಗಳೂರಿನ ಮನೆಗಳಲ್ಲಿ ಒಂದೇ ಮಾತು: ಮುಂದೇನು? ಚಿಕ್ಕಪ್ಪ ಫೋನ್ ಮಾಡಿ ಬಿ.ಕಾಂ. ಅಂತಾರೆ. ಎದುರುಮನೆಯವರು ಬಿಸಿಎ ಅಂತಾರೆ. ಕೋಚಿಂಗ್ ಸೆಂಟರಿನವರು ಇನ್ನೊಂದು ವರ್ಷ ಕೂತು ನೀಟ್ ಬರೀಲಿ ಅಂತಾರೆ. ಎಲ್ಲರೂ ಒಳ್ಳೆಯದನ್ನೇ ಬಯಸುತ್ತಾರೆ. ಆದರೆ ಅವರೆಲ್ಲ ಮಾತಾಡುವುದು ಡಿಗ್ರಿ ಮುಗಿದ ಮೇಲಿನ ಕೆಲಸದ ಬಗ್ಗೆ. ಅದಕ್ಕೂ ಮುಂಚೆ ಮೂರು ನಾಲ್ಕು ವರ್ಷ ದಿನಾ ಬೆಳಿಗ್ಗೆ ಎದ್ದು ಏನು ಓದಬೇಕು, ಏನು ಬರೆಯಬೇಕು, ಸಂಜೆ ಮನೆಗೆ ಬಂದು ಏನು ಅಭ್ಯಾಸ ಮಾಡಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಡ್ಮಿಷನ್ ಸಮಯದಲ್ಲಿ ಮಕ್ಕಳು ಕಾಂಬಿನೇಷನ್ ಬರೆಸುವ ಟೇಬಲ್‌ನಲ್ಲಿ ಕೂರುತ್ತೇನೆ. ಅಲ್ಲಿ ಕಂಡದ್ದರಿಂದ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಓದಿನ ಮಾಮೂಲಿ ದಿನ ಹೇಗಿರುತ್ತದೆ ಎಂದು ನೋಡಿಕೊಂಡು ವಿಷಯ ಆರಿಸಿದವರು ಕಷ್ಟ ಬಂದಾಗಲೂ ನಿಲ್ಲುತ್ತಾರೆ. ಕೆಲಸದ ಹೆಸರನ್ನಷ್ಟೇ ನೋಡಿ ಆರಿಸಿದವರು ಎರಡನೇ ಸೆಮಿಸ್ಟರಿಗೇ ಸುಸ್ತಾಗುತ್ತಾರೆ. ಈ ಲೇಖನದ ಹೆಜ್ಜೆಗಳೆಲ್ಲ ಆ ಮಾಮೂಲಿ ದಿನವನ್ನು ಮೊದಲೇ ನೋಡಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ.

ಹೆಜ್ಜೆ 1: ಯಾವುದಕ್ಕೆ ಯಾವ ವಿಷಯ ಬೇಕೇಬೇಕು, ತಿಳಿದುಕೊಳ್ಳಿ

ಮನೆಯಲ್ಲಿ ನಡೆಯುವ ಜಗಳದಲ್ಲಿ ಅರ್ಧ ಈ ಮಾಹಿತಿ ಇಲ್ಲದೆ ಆಗುವುದು. ಒಮ್ಮೆ ರಾಜಾಜಿನಗರದಿಂದ ತಂದೆ-ಮಗಳು ಬಂದಿದ್ದರು. ಮಗಳಿಗೆ ಸೈಕಾಲಜಿ ಬೇಕು.

"ಅದನ್ನ ಓದಿ ಏನ್ ಮಾಡ್ತೀಯಮ್ಮಾ? ಬಿ.ಕಾಂ. ಆದ್ರೆ ನಾಳೆ ಬ್ಯಾಂಕಾದ್ರೂ ಸಿಗುತ್ತೆ" ಅಂದರು ತಂದೆ.

"ಬ್ಯಾಂಕ್ ಪರೀಕ್ಷೆ ಬರೆಯೋಕೆ ಯಾವ ಡಿಗ್ರಿ ಆದ್ರೂ ಆಗುತ್ತೆ ಅಪ್ಪಾ."

ಅವರು ನನ್ನ ಕಡೆ ತಿರುಗಿದರು. "ಹೌದಾ ಮೇಡಂ?"

ಹೌದು. ಬ್ಯಾಂಕ್ ಪಿಒ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ಯುಪಿಎಸ್‌ಸಿ ಸಿವಿಲ್ ಸರ್ವೀಸ್, ಕೆಎಎಸ್, ಎಫ್‌ಡಿಎ ಹುದ್ದೆಗಳಿಗೂ ಅಷ್ಟೆ. ಮೂರು ವರ್ಷದ ಎಲ್‌ಎಲ್‌ಬಿಗೆ, ಎಂಬಿಎಗೆ ನಿಗದಿತ ಅಂಕ ಇದ್ದರೆ ಯಾವ ಡಿಗ್ರಿಯವರೂ ಹೋಗಬಹುದು. ಸಿಎಗೆ ಬಿ.ಕಾಂ. ಕಡ್ಡಾಯ ಅಲ್ಲ. ಪಿಯುಸಿ ಮುಗಿಸಿ ಫೌಂಡೇಷನ್ ಪರೀಕ್ಷೆ ಬರೆಯಬಹುದು. ಡಿಗ್ರಿ ಮುಗಿಸಿ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗುವುದಾದರೆ ಕಾಮರ್ಸ್‌ನವರಿಗೆ ಶೇ. 55, ಬೇರೆಯವರಿಗೆ ಶೇ. 60 ಅಂಕ ಬೇಕು.

ಇನ್ನು ಕೆಲವು ಕಡೆ ವಿಷಯ ಇಲ್ಲದಿದ್ದರೆ ದಾರಿಯೇ ಇಲ್ಲ. ಎಂ.ಎಸ್ಸಿ. ಫಿಸಿಕ್ಸ್‌ಗೆ ಡಿಗ್ರಿಯಲ್ಲಿ ಫಿಸಿಕ್ಸ್ ಇರಲೇಬೇಕು. ಎಂಸಿಎಗೆ ಬಹಳ ಕಡೆ ಪಿಯುಸಿಯಲ್ಲೋ ಡಿಗ್ರಿಯಲ್ಲೋ ಗಣಿತ ಕೇಳುತ್ತಾರೆ. ಅರಣ್ಯ ಇಲಾಖೆಯ ಐಎಫ್‌ಎಸ್ ಪರೀಕ್ಷೆಗೆ ಬಿ.ಎ., ಬಿ.ಕಾಂ. ಆಗುವುದಿಲ್ಲ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಗಣಿತದಂಥ ಒಂದು ವಿಜ್ಞಾನ ವಿಷಯ ಇರಬೇಕು, ಇಲ್ಲವೇ ಕೃಷಿ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಹೈಸ್ಕೂಲ್ ಮೇಷ್ಟ್ರಾಗಬೇಕು ಅನ್ನುವವರು ಡಿಗ್ರಿ ಕಾಂಬಿನೇಷನ್ ಬಗ್ಗೆ ತುಂಬಾ ಎಚ್ಚರ ಇರಬೇಕು. ಯಾವ ಎರಡು ವಿಷಯ ಜೊತೆಯಾಗಿ ಓದಿದ್ದೀರಿ ಅನ್ನುವುದನ್ನು ನೇಮಕಾತಿಯಲ್ಲಿ ನೋಡುತ್ತಾರೆ. ಬಿ.ಎ. ಸೈಕಾಲಜಿ ಮುಗಿಸಿದ ಕೂಡಲೇ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಅದಕ್ಕೆ ಮುಂದೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ಮಾನ್ಯತೆ ಇರುವ ಕೋರ್ಸ್ ಮಾಡಿ ನೋಂದಣಿ ಮಾಡಿಸಬೇಕು.

ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿ ಇದನ್ನು ಬರೆಯಿರಿ. "ಯಾವ ಡಿಗ್ರಿಯಾದರೂ ಸರಿ" ಒಂದು ಕಡೆ. "ಈ ವಿಷಯ ಬೇಕೇಬೇಕು" ಇನ್ನೊಂದು ಕಡೆ. ನಿಮ್ಮ ಮನಸ್ಸಲ್ಲಿರುವ ಕೆಲಸ ಮೊದಲನೇ ಕಾಲಂನಲ್ಲಿದ್ದರೆ ನಿಮಗೆ ಇಷ್ಟವಾದ ವಿಷಯ ಓದಲು ಯಾವ ಅಡ್ಡಿಯೂ ಇಲ್ಲ. ಆ ತಂದೆಗೆ ಬೇಕಾಗಿದ್ದದ್ದು ಆ ಒಂದು ಹಾಳೆ, ಅಷ್ಟೇ.

ಹೆಜ್ಜೆ 2: ಸಿಲಬಸ್ ಓದಿ, ಕೊನೆಯಿಂದ ಶುರುಮಾಡಿ

ಕಾಲೇಜಿನ ಬ್ರೋಷರ್ ನೋಡುವವರೇ ಜಾಸ್ತಿ. ಸಿಲಬಸ್ ನೋಡಿಕೊಂಡು ಬರುವವರು ಬಹಳ ಅಪರೂಪ. ಬೆಂಗಳೂರು ವಿಶ್ವವಿದ್ಯಾಲಯ, ಡಾ. ಮನಮೋಹನ್ ಸಿಂಗ್ ಬೆಂಗಳೂರು ನಗರ ವಿಶ್ವವಿದ್ಯಾಲಯ, ಬೆಂಗಳೂರು ಉತ್ತರ, ನೃಪತುಂಗ, ಮಹಾರಾಣಿ ಕ್ಲಸ್ಟರ್, ಎಂಜಿನಿಯರಿಂಗ್‌ಗೆ ವಿಟಿಯು, ಹೀಗೆ ಯಾವುದೇ ಇರಲಿ, ಸಿಲಬಸ್ ಅವರವರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮೊದಲು ನಿಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ನೋಡಿ. ಹಳೆಯ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗವಾದ ಮೇಲೆ ಅಕ್ಕಪಕ್ಕದ ಎರಡು ಕಾಲೇಜುಗಳಲ್ಲೂ ಬೇರೆ ಬೇರೆ ಸಿಲಬಸ್ ಇರಬಹುದು.

ಮೊದಲ ಸೆಮಿಸ್ಟರ್ ನೋಡಿ ತೀರ್ಮಾನ ಮಾಡಬೇಡಿ. ಅದರಲ್ಲಿ ಮುಕ್ಕಾಲು ಭಾಗ ಪಿಯುಸಿಯ ಮುಂದುವರಿಕೆ, ಇಲ್ಲವೇ ಪೀಠಿಕೆ. ನೇರವಾಗಿ ಐದನೇ ಸೆಮಿಸ್ಟರಿಗೆ ಹೋಗಿ. ವಿಷಯದ ನಿಜವಾದ ಮುಖ ಕಾಣುವುದು ಅಲ್ಲಿ.

ಎಕನಾಮಿಕ್ಸ್ ಅಂದರೆ ಬಜೆಟ್ ಬಗ್ಗೆ, ಬೆಲೆ ಏರಿಕೆ ಬಗ್ಗೆ ಚರ್ಚೆ ಅಂದುಕೊಂಡು ಬರುವವರಿದ್ದಾರೆ. ಒಳಗೆ ಗಣಿತ, ಸಂಖ್ಯಾಶಾಸ್ತ್ರ, ಗ್ರಾಫ್ ಇರುತ್ತವೆ. ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಂಥ ಕಡೆ ಅದು ಬಿ.ಎಸ್ಸಿ. ಡಿಗ್ರಿಯೇ. ಸೈಕಾಲಜಿ ಅಂದರೆ ಜನರ ಮನಸ್ಸು ಓದುವುದು ಅಂದುಕೊಂಡವರಿಗೆ ಮೆದುಳು, ನರಮಂಡಲ, ಪ್ರಯೋಗದ ರೆಕಾರ್ಡ್, ಅಂಕಿಅಂಶ ಎದುರಾಗುತ್ತವೆ. ಕನ್ನಡ ಐಚ್ಛಿಕ ತೆಗೆದುಕೊಂಡವರು ಕಥೆ ಕವನದ ಜೊತೆ ಹಳಗನ್ನಡ, ಛಂದಸ್ಸು, ಭಾಷಾವಿಜ್ಞಾನ ಓದಬೇಕು. ನನಗೆ ಕೇಳಿದರೆ ಅದರ ಸೊಗಸು ಇರುವುದೇ ಅಲ್ಲಿ. ಆದರೆ ಗೊತ್ತಿದ್ದು ಬರುವುದು ಮುಖ್ಯ. ಬಿ.ಕಾಂ.ನಲ್ಲಿ ಕಾಸ್ಟ್ ಅಕೌಂಟಿಂಗ್, ಕಾರ್ಪೊರೇಟ್ ಅಕೌಂಟಿಂಗ್, ಆದಾಯ ತೆರಿಗೆ, ಜಿಎಸ್‌ಟಿ ಬರುತ್ತವೆ. ಲೆಕ್ಕ ತಾಳೆಯಾಗದಿದ್ದರೆ ಮೊದಲಿಂದ ನೋಡುವ ತಾಳ್ಮೆ ಇದ್ದವರಿಗೆ ಅದು ಖುಷಿ ಕೊಡುತ್ತದೆ. ಬಾಟನಿ, ಜುವಾಲಜಿ ತೆಗೆದುಕೊಂಡರೆ ಮಧ್ಯಾಹ್ನಗಳೆಲ್ಲ ಲ್ಯಾಬ್. ಸ್ಲೈಡ್ ನೋಡಿ ಪೆನ್ಸಿಲ್‌ನಲ್ಲಿ ಚಿತ್ರ ಬಿಡಿಸಿ, ಭಾಗಗಳಿಗೆ ಹೆಸರು ಬರೆದು, ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳಬೇಕು. ಈ ಕೆಲಸವನ್ನೇ ಪ್ರೀತಿಸುವ ಹುಡುಗಿಯರನ್ನು ನೋಡಿದ್ದೇನೆ. ನೀಟ್ ಸೀಟು ಸಿಗಲಿಲ್ಲ ಅಂತ ಬಂದು ಆ ರೆಕಾರ್ಡ್ ಪುಸ್ತಕವನ್ನು ದ್ವೇಷಿಸುತ್ತಾ ಮೂರು ವರ್ಷ ಕಳೆದವರನ್ನೂ ನೋಡಿದ್ದೇನೆ.

ಸಿಲಬಸ್ ಪ್ರಿಂಟ್ ತೆಗೆದುಕೊಂಡು ಪೆನ್ನು ಹಿಡಿದು ಕೂರಿ. ಪ್ರತಿ ಘಟಕದ ಮುಂದೆ ಒಂದು ಗುರುತು ಹಾಕಿ. ಓದಬೇಕು ಅನ್ನಿಸಿದರೆ ಟಿಕ್, ಅರ್ಥವಾಗದಿದ್ದರೆ ಪ್ರಶ್ನೆ ಚಿಹ್ನೆ, ಬೇಡ ಅನ್ನಿಸಿದರೆ ಇಂಟು. ಪ್ರಶ್ನೆ ಚಿಹ್ನೆ ಜಾಸ್ತಿ ಇದ್ದರೆ ಭಯ ಬೇಡ, ಹದಿನೇಳು ವರ್ಷಕ್ಕೆ ಅದು ಸಹಜ. ಇಂಟು ಜಾಸ್ತಿ ಇದ್ದರೆ ಮಾತ್ರ ಯೋಚಿಸಿ. ಆಮೇಲೆ ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ತೆಗೆದು ಹತ್ತು ಅಂಕದ ಪ್ರಶ್ನೆಗಳನ್ನು ಓದಿ. ಇದಕ್ಕೆ ಉತ್ತರ ಬರೆಯುವಷ್ಟು ಕಲಿಯುವ ಆಸೆ ನನಗಿದೆಯಾ? ಅದೇ ಪ್ರಶ್ನೆ.

ಹೆಜ್ಜೆ 3: ಒಂದು ವಾರ ಓದಿ ನೋಡಿ

ಅವೆನ್ಯೂ ರಸ್ತೆಗೆ ಹೋದರೆ ಸೆಕೆಂಡ್ ಹ್ಯಾಂಡ್ ಪಠ್ಯಪುಸ್ತಕದ ಅಂಗಡಿಗಳಿವೆ. ನಿಮ್ಮ ಮನಸ್ಸಿನಲ್ಲಿರುವ ಎರಡು ವಿಷಯಗಳ ಡಿಗ್ರಿ ಪುಸ್ತಕ ಒಂದೊಂದು ತನ್ನಿ. ಹಳೆಯದಾದರೂ ಪರವಾಗಿಲ್ಲ. ಅಂಚಿನಲ್ಲಿ ಯಾರೋ ಬರೆದ ಗುರುತುಗಳಿದ್ದರೆ ಇನ್ನೂ ಒಳ್ಳೆಯದು, ಎಲ್ಲಿ ಎಡವಿದ್ದಾರೆ ಗೊತ್ತಾಗುತ್ತದೆ. ಒಂದು ಅಧ್ಯಾಯ ಪೂರ್ತಿ ಓದಿ, ಕೊನೆಯ ಅಭ್ಯಾಸ ಮಾಡಿ. ಪರೀಕ್ಷೆ ಇಲ್ಲ, ಅಂಕ ಇಲ್ಲ. ಮೂರನೇ ದಿನವೂ ಪುಸ್ತಕ ತೆಗೆಯುತ್ತೀರಾ ಅನ್ನುವುದನ್ನು ಗಮನಿಸಿ. ಜೊತೆಗೆ ಸ್ವಯಂ (SWAYAM) ಅಥವಾ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳ ವೆಬ್‌ಸೈಟಿನಲ್ಲಿ ಅದೇ ಅಧ್ಯಾಯದ ಪಾಠವನ್ನು ಪುಕ್ಕಟೆ ನೋಡಬಹುದು.

ಈ ಊರಲ್ಲಿ ಇರುವುದರ ದೊಡ್ಡ ಲಾಭ ಅಂದರೆ ವಿಷಯಗಳನ್ನು ಹತ್ತಿರದಿಂದ ನೋಡಬಹುದು. ವಿಜ್ಞಾನದ ಕಡೆ ಒಲವಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇಗೆ ಹೋಗಿ. ವರ್ಷಕ್ಕೊಮ್ಮೆ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಉಪನ್ಯಾಸ ನಡೆಸುತ್ತದೆ, ಯಾರು ಬೇಕಾದರೂ ಕೂತು ಕೇಳಬಹುದು. ಜವಾಹರಲಾಲ್ ನೆಹರೂ ತಾರಾಲಯದಲ್ಲಿ ಡಿಗ್ರಿ ವಿದ್ಯಾರ್ಥಿಗಳಿಗೆ ರೀಪ್ ಅನ್ನುವ ತರಗತಿ ಇದೆ. ಫಿಸಿಕ್ಸ್ ಸೇರಿದ ಮೇಲೆ ಅದನ್ನು ಮರೆಯಬೇಡಿ. ಕೃಷಿ ಓದುವ ಯೋಚನೆ ಇದ್ದರೆ ಜಿಕೆವಿಕೆಯ ಕೃಷಿ ಮೇಳ ನೋಡಿ, ಮಳಿಗೆಗಳ ಜೊತೆ ಪ್ರಾತ್ಯಕ್ಷಿಕೆಯ ತಾಕುಗಳನ್ನೂ ನೋಡಿ. ಕಾನೂನು ಬೇಕೆಂದವರು ಹೈಕೋರ್ಟ್ ಕಲಾಪದ ನೇರ ಪ್ರಸಾರವನ್ನು ಒಂದು ಮಧ್ಯಾಹ್ನ ಪೂರ್ತಿ ನೋಡಲಿ. ಸಿನಿಮಾದ ಕೋರ್ಟಿಗೂ ಅದಕ್ಕೂ ಎಷ್ಟು ದೂರ ಅಂತ ತಿಳಿಯುತ್ತದೆ. ಅಷ್ಟಾದ ಮೇಲೂ ಇಷ್ಟವಾದರೆ ಧೈರ್ಯವಾಗಿ ಹೋಗಬಹುದು.

ಹೆಜ್ಜೆ 4: ಸರಿಯಾದವರನ್ನು ಸರಿಯಾದದ್ದು ಕೇಳಿ

ಆ ವಿಷಯವನ್ನು ಈಗ ಎರಡನೇ ಅಥವಾ ಮೂರನೇ ವರ್ಷದಲ್ಲಿ ಓದುತ್ತಿರುವ ಒಬ್ಬರನ್ನು ಹುಡುಕಿ. "ಸ್ಕೋಪ್ ಇದೆಯಾ ಅಕ್ಕಾ?" ಅಂತ ಕೇಳಬೇಡಿ. "ನಿನ್ನೆ ಕಾಲೇಜಿನಲ್ಲಿ ಏನೇನು ಮಾಡಿದ್ರಿ?" ಅಂತ ಕೇಳಿ. "ಯಾವ ಪೇಪರ್‌ನಲ್ಲಿ ಜಾಸ್ತಿ ಜನ ಬ್ಯಾಕ್ ಉಳಿಸಿಕೊಳ್ತಾರೆ? ಯಾಕೆ?" ಅಂತ ಕೇಳಿ. ಉತ್ತರ ಬೇರೆಯೇ ಬರುತ್ತದೆ.

ನಿಯಮದ ವಿಷಯದಲ್ಲಿ ಮಾತ್ರ ಹಿರಿಯರ ಮಾತನ್ನು ಹಾಗೇ ನಂಬಬೇಡಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಮ್ಮಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು. 2024-25ರಿಂದ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ. ಹಾಗಾಗಿ 2022ರಲ್ಲಿ ಸೇರಿದ ಅಕ್ಕನಿಗೆ ಇದ್ದ ನಿಯಮ ಈಗ ಸೇರುವ ತಮ್ಮನಿಗೆ ಇಲ್ಲ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳದ್ದು ಅವರದೇ ಲೆಕ್ಕ. ವಿದೇಶದಲ್ಲಿ ಮಾಸ್ಟರ್ಸ್ ಮಾಡುವ ಆಸೆ ಇದ್ದರೆ ಈ ಮೂರು-ನಾಲ್ಕರ ವ್ಯತ್ಯಾಸ ಮುಖ್ಯ, ಯಾಕೆಂದರೆ ಕೆಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ. ಸಂಶೋಧನೆಯ ಹುಚ್ಚು ಇರುವವರು ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿಯ ಬಗ್ಗೆಯೂ ತಿಳಿದುಕೊಳ್ಳಿ. ಅದು 2011ರಿಂದ ನಡೆಯುತ್ತಿದೆ.

ಹೆಜ್ಜೆ 5: ಕಾಲೇಜು, ಬಸ್ಸು, ಭಾಷೆ

ವಿಷಯ ತೀರ್ಮಾನವಾದ ಮೇಲೆ ಕಾಲೇಜು. ಬೆಂಗಳೂರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಗಂಟೆಯಲ್ಲಿ ಅಳೆಯುತ್ತೇವೆ. ಕಾಲೇಜಿನ ಸಮಯಕ್ಕೇ ಒಂದು ಸಲ ಮನೆಯಿಂದ ಹೊರಟು ನೋಡಿ, ಭಾನುವಾರ ಅಲ್ಲ. ಹೋಗಿ ಬರಲು ದಿನಕ್ಕೆ ನಾಲ್ಕು ಗಂಟೆ ಹೋದರೆ ಎಂಥ ಒಳ್ಳೆಯ ವಿಭಾಗವಾದರೂ ಪ್ರಯೋಜನವಿಲ್ಲ. ಲ್ಯಾಬ್ ಇರುವ ವಿಷಯದವರು ಸಂಜೆ ತಡವಾಗಿ ಮನೆ ಸೇರುವ ದಿನಗಳನ್ನೂ ಲೆಕ್ಕ ಹಾಕಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಬಿ.ಎ., ಬಿ.ಕಾಂ.ನ ಅನೇಕ ವಿಷಯಗಳಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ನಿಮ್ಮ ವಿಷಯಕ್ಕೆ ಇದೆಯಾ, ಆ ಕಾಲೇಜಿನಲ್ಲಿ ಕನ್ನಡದಲ್ಲೂ ವಿವರಿಸುವ ಮೇಷ್ಟ್ರು ಇದ್ದಾರಾ ಎಂದು ಸೇರುವ ಮುಂಚೆ ಕೇಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಸಿಇಟಿ ಬರೆದವರು ಆಪ್ಷನ್ ಎಂಟ್ರಿಯಲ್ಲಿ ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ. ಮೇಲಿನಿಂದ ಕೆಳಗೆ ನೋಡುತ್ತಾ ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಡುತ್ತಾರೆ. ಹಿಂದಿನ ವರ್ಷದ ಕಟ್‌ಆಫ್ ನೋಡಿ ಹೆದರಿ ಇಷ್ಟದ ಕಾಲೇಜನ್ನು ಕೆಳಗೆ ಹಾಕಿದರೆ ನಷ್ಟ ನಿಮಗೇ. ಸಿಕ್ಕರೂ ಸೇರುವುದಿಲ್ಲ ಅನ್ನುವ ಬ್ರಾಂಚನ್ನು ಪಟ್ಟಿಯಲ್ಲಿ ಹಾಕಲೇಬೇಡಿ. ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ ಅಂತ ಅಳುವ ಮಕ್ಕಳು ಗಮನಿಸಿ: ವಿಟಿಯುನಲ್ಲಿ ಮೊದಲ ವರ್ಷದ ಅಂಕಗಳ ಮೇಲೆ, ಸೀಟು ಖಾಲಿ ಇದ್ದರೆ, ಬ್ರಾಂಚ್ ಬದಲಾವಣೆಗೆ ಅವಕಾಶ ಇರುತ್ತದೆ. ಆದರೆ ಅದನ್ನೇ ನಂಬಿಕೊಂಡು ಸೇರುವುದು ಬೇಡ.

ಹೆಜ್ಜೆ 6: ಕಾರಣಗಳನ್ನು ಬರೆದಿಡಿ

ಫೀಸು ಕಟ್ಟುವ ಮುಂಚೆ ಒಂದು ಪುಟ ಬರೆಯಿರಿ. ಈ ವಿಷಯವನ್ನು ಯಾಕೆ ಆರಿಸಿದೆ, ಬೇರೆ ಯಾವುದನ್ನು ಬಿಟ್ಟೆ, ಇದರಲ್ಲಿ ಯಾವುದು ನನ್ನ ಮಾತು, ಯಾವುದು ಮನೆಯವರ ಮಾತು, ಯಾವುದಕ್ಕೆ ಭಯ ಇದೆ. ದಿನಾಂಕ ಹಾಕಿ ಮಾರ್ಕ್ಸ್ ಕಾರ್ಡ್ ಇಡುವ ಫೈಲಿನಲ್ಲೇ ಇಡಿ. ಅಪ್ಪ ಅಮ್ಮ ಕೂಡ ಅದೇ ಪುಟದ ಕೆಳಗೆ ಎರಡು ಸಾಲು ಬರೆದರೆ ಒಳ್ಳೆಯದು. ಮುಂದೆ "ನಾವು ಆಗಲೇ ಹೇಳಿದ್ದೆವು" ಅನ್ನುವ ಮಾತಿಗೆ ಜಾಗ ಇರುವುದಿಲ್ಲ.

ಸೇರಿದ ಮೇಲೆ: ಮತ್ತೆ ಯೋಚಿಸುವುದು ಯಾವಾಗ, ಹೇಗೆ

ಮೊದಲ ತಿಂಗಳಲ್ಲಿ ಎಲ್ಲರಿಗೂ ತಪ್ಪು ವಿಷಯಕ್ಕೆ ಬಂದೆನೇನೋ ಅನ್ನಿಸುತ್ತದೆ. ಇಂಟರ್ನಲ್ಸ್ ಅಂಕ ಬಂದ ವಾರವೂ ಹಾಗೇ. ಆ ಎರಡು ಸಮಯದಲ್ಲಿ ಯಾವ ತೀರ್ಮಾನವೂ ಬೇಡ. ಮೊದಲ ಸೆಮಿಸ್ಟರ್ ಪರೀಕ್ಷೆ ಮುಗಿದ ರಜೆಯಲ್ಲಿ, ಫಲಿತಾಂಶ ಬರುವ ಮುಂಚೆ, ಆ ಪುಟ ತೆಗೆದು ಓದಿ. ಅಂಕ ಇನ್ನೂ ಬಂದಿರುವುದಿಲ್ಲವಲ್ಲ, ಹಾಗಾಗಿ ಮನಸ್ಸು ವಿಷಯದ ಬಗ್ಗೆಯೇ ಯೋಚಿಸುತ್ತದೆ.

ಇಷ್ಟವಾಗುತ್ತಿಲ್ಲ ಅನ್ನಿಸಿದರೆ ಯಾವುದು ಇಷ್ಟವಾಗುತ್ತಿಲ್ಲ ಅಂತ ಬಿಡಿಸಿ ನೋಡಬೇಕು. ನನ್ನ ಹತ್ತಿರ ಬಂದು "ಮೇಡಂ, ಈ ಸಬ್ಜೆಕ್ಟ್ ನನಗಲ್ಲ" ಅನ್ನುವವರಲ್ಲಿ ಬಹಳ ಮಂದಿಗೆ ತೊಂದರೆ ಇರುವುದು ಬೇರೆ ಕಡೆ. ಪಾಠ ಮಾಡುವವರು ಸರಿಯಾಗಿ ಮಾಡದಿದ್ದರೆ ಎಂಥ ವಿಷಯವೂ ಬೇಸರವೇ. ಅದೇ ಪಾಠವನ್ನು ಸ್ವಯಂನಲ್ಲಿ ಬೇರೊಬ್ಬರಿಂದ ಕೇಳಿ. ಅಲ್ಲಿ ಕಿವಿ ನೆಟ್ಟಗಾದರೆ ವಿಷಯದ್ದೇನೂ ತಪ್ಪಿಲ್ಲ. ಇಂಗ್ಲಿಷ್ ಅಡ್ಡಬರುತ್ತಿದ್ದರೆ ಅದೇ ಭಾಗವನ್ನು ಕನ್ನಡದಲ್ಲಿ ಓದಿ, ಇಲ್ಲವೇ ಗೆಳೆಯರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ. ತಿಳಿಯಿತು ಅಂತಾದರೆ ಅದು ಭಾಷೆಯ ತೊಂದರೆ, ಒಂದು ವರ್ಷದಲ್ಲಿ ಬಹಳಷ್ಟು ಸರಿಹೋಗುತ್ತದೆ. ನೆಲಮಂಗಲದಿಂದ ದಿನಾ ಬರುವ ಹುಡುಗನೊಬ್ಬ ಸ್ಟ್ಯಾಟಿಸ್ಟಿಕ್ಸ್ ಬಿಡುತ್ತೇನೆ ಅಂತ ಬಂದಿದ್ದ. ಮಾತಾಡಿಸಿದಾಗ ಗೊತ್ತಾಯಿತು, ಅವನಿಗೆ ನಿದ್ದೆಯೇ ಆಗುತ್ತಿರಲಿಲ್ಲ. ಹಾಸ್ಟೆಲ್ ಸಿಕ್ಕಿದ ಮೇಲೆ ಅದೇ ವಿಷಯದಲ್ಲಿ ಮುಂದಿನ ಬೆಂಚಿಗೆ ಬಂದ. ಪಿಯುಸಿಯ ಗಣಿತ ಗಟ್ಟಿಯಾಗಿಲ್ಲದೆ ಫಿಸಿಕ್ಸ್ ಕಷ್ಟವಾಗುವವರೂ ಇದ್ದಾರೆ. ಅವರು ರಜೆಯಲ್ಲಿ ಹಳೆಯ ಗಣಿತ ಪುಸ್ತಕ ತೆಗೆದರೆ ಸಾಕು.

ಇದೆಲ್ಲವನ್ನೂ ನೋಡಿದ ಮೇಲೂ ವಿಷಯ ಒಳಗೆ ಇಳಿಯುತ್ತಿಲ್ಲ, ಯಾರೂ ಹೇಳದೆ ಅದರ ಒಂದು ಪುಟವನ್ನೂ ತೆರೆದಿಲ್ಲ, ಬೇರೊಂದು ವಿಷಯದ ಪುಸ್ತಕವನ್ನು ಮಾತ್ರ ರಾತ್ರಿ ಕೂತು ಓದುತ್ತಿದ್ದೀರಿ ಅಂತಾದರೆ, ಅದನ್ನು ಮನೆಯಲ್ಲಿ ಹೇಳಿ. ಜಗಳದ ಹೊತ್ತಿನಲ್ಲಿ ಬೇಡ. ಆ ಪುಟ ಕೈಯಲ್ಲಿ ಹಿಡಿದು, ಮುಂದೇನು ಮಾಡಬೇಕೆಂದಿದ್ದೀರಿ ಅನ್ನುವುದನ್ನೂ ಬರೆದುಕೊಂಡು ಹೇಳಿ. ಪೋಷಕರಲ್ಲಿ ನನ್ನ ಮನವಿ ಇಷ್ಟೇ: ಪೂರ್ತಿ ಕೇಳಿಸಿಕೊಳ್ಳಿ. ಹದಿನೆಂಟರ ಹುಡುಗ ಹುಡುಗಿಗೆ ಒಂದು ವರ್ಷ ಹೋದರೆ ಏನೂ ಮುಳುಗುವುದಿಲ್ಲ.

ಬದಲಿಸಲು ನಾನಾ ದಾರಿಗಳಿವೆ. ತರಗತಿ ಶುರುವಾದ ಮೊದಲ ವಾರಗಳಲ್ಲಿ ಅದೇ ಕಾಲೇಜಿನೊಳಗೆ ಕಾಂಬಿನೇಷನ್ ಬದಲಿಸಲು ಸಾಮಾನ್ಯವಾಗಿ ಬಿಡುತ್ತಾರೆ. ವಿಭಾಗದ ಮುಖ್ಯಸ್ಥರನ್ನು ಮತ್ತು ಆಫೀಸನ್ನು ಕೂಡಲೇ ಕಾಣಿ. ಒಂದು ವರ್ಷದ ನಂತರವಾದರೆ ಹೊಸದಾಗಿ ಸೇರುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಎರಡು ವರ್ಷ ಕಳೆದಿದ್ದರೆ ಡಿಗ್ರಿ ಮುಗಿಸಿ, ಸ್ನಾತಕೋತ್ತರದಲ್ಲಿ ದಾರಿ ಬದಲಿಸಿ. ಮೊದಲ ಹೆಜ್ಜೆಯಲ್ಲಿ ಬರೆದ ಎರಡು ಕಾಲಂ ಹಾಳೆ ಆಗ ಮತ್ತೆ ಕೆಲಸಕ್ಕೆ ಬರುತ್ತದೆ.

ಕಾಲೇಜು ಬಿಡುವಾಗ ಫೀಸಿನ ವಿಷಯ ತಿಳಿದಿರಲಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಂತೆ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಇರುವಾಗ ಬಿಟ್ಟರೆ ಸಣ್ಣ ಪ್ರಕ್ರಿಯಾ ಶುಲ್ಕ ಕಳೆದು ಪೂರ್ತಿ ಫೀಸು, ಅದಕ್ಕಿಂತ ಕಡಿಮೆ ದಿನ ಉಳಿದಿದ್ದರೆ ಶೇ. 90 ವಾಪಸ್ ಕೊಡಬೇಕು. ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50. ಆಮೇಲೆ ಏನೂ ಇಲ್ಲ. ಮೂಲ ದಾಖಲೆಗಳನ್ನು ನೋಡಿ ಹಿಂದಿರುಗಿಸಬೇಕೇ ಹೊರತು ಇಟ್ಟುಕೊಳ್ಳುವ ಹಾಗಿಲ್ಲ ಅಂತಲೂ ಅದೇ ನಿಯಮ ಹೇಳುತ್ತದೆ. ಕೇಳುವುದನ್ನು ಬರವಣಿಗೆಯಲ್ಲಿ ಕೇಳಿ, ಅರ್ಜಿಯ ಪ್ರತಿಗೆ ಆಫೀಸಿನ ಸೀಲು ಹಾಕಿಸಿಕೊಳ್ಳಿ.

ವಿಷಯ ಹಿಡಿಸಿ ಮುಂದುವರಿದವರು ನಾಲ್ಕನೇ ಸೆಮಿಸ್ಟರ್ ಮುಗಿದಾಗ ಇನ್ನೊಮ್ಮೆ ಆ ಪುಟ ತೆಗೆಯಿರಿ. ಮುಂದೆ ಓದುವ ಯೋಚನೆ ಇದ್ದರೆ ಸಿದ್ಧತೆ ಅಲ್ಲಿಂದಲೇ ಶುರುವಾಗಬೇಕು. ಐಐಟಿಗಳಲ್ಲಿ ಎಂ.ಎಸ್ಸಿ. ಓದಲು ಬರೆಯುವ ಜ್ಯಾಮ್ ಪರೀಕ್ಷೆ ಫೆಬ್ರವರಿಯಲ್ಲಿ ನಡೆಯುತ್ತದೆ, ಅದರ ಅರ್ಜಿ ಹಿಂದಿನ ಸೆಪ್ಟೆಂಬರ್ ಹೊತ್ತಿಗೇ ಬರುತ್ತದೆ, ಅಂದರೆ ನೀವು ಕೊನೆಯ ವರ್ಷಕ್ಕೆ ಕಾಲಿಟ್ಟ ಕೆಲವೇ ವಾರಗಳಲ್ಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ-ಪಿಜಿ, ನಮ್ಮ ರಾಜ್ಯದ ಎಂಬಿಎ, ಎಂಸಿಎ ಸೀಟುಗಳ ಪಿಜಿಸಿಇಟಿ ಅದರ ಹಿಂದೆಯೇ ಇರುತ್ತವೆ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರೆ ಸ್ನಾತಕೋತ್ತರದಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಈ ಅರ್ಜಿಗಳ ತಾರೀಖನ್ನು ನಾಲ್ಕನೇ ಸೆಮಿಸ್ಟರ್ ರಜೆಯಲ್ಲೇ ಹುಡುಕಿ ಮನೆಯ ಕ್ಯಾಲೆಂಡರಿನಲ್ಲಿ ಬರೆದುಬಿಡಿ.